ಟವೆಲ್ಲಿನ ಇನ್ನೊಂದು ತುದಿ

೨ ನವೆಂಬರ್ ೨೦೨೫, ಭಾನುವಾರ

ಮೊದಲಿಗೆ ಒಂದು ತಿದ್ದುಪಡಿ. ಕಳೆದ ಭಾನುವಾರದ, ಅಂದರೆ ಅಕ್ಟೋಬರ್ ೨೬ರ ಬರಹದಲ್ಲಿ, ಕುಣಿಯುವಾಗ ನನ್ನ ಹೆಂಡತಿ ಪಾರ್ವತೆಮ್ಮ ಆರು ಸಲ ತಪ್ಪಿದಳೆಂದು ನಮೂದಿಸಿದ್ದೇನೆ. ಮರಳಿ ನೆನೆದು ನೋಡಲಾಗಿ ಅವು ಏಳು. ಕೊನೆಯ ಸುತ್ತಿನಲ್ಲಿ ಅವಳು ಎಡಗಾಲಿನ ಬದಲು ಬಲಗಾಲು ಇಟ್ಟದ್ದನ್ನು ನಾನು ಹಿಡಿದಿರಲಿಲ್ಲ. ಈ ಪುಸ್ತಕವನ್ನು ನನ್ನ ಹೊರತು ಯಾರೂ ಓದುವುದಿಲ್ಲ, ನಿಜ. ಆದರೆ ತಪ್ಪನ್ನು ಹಾಗೆಯೇ ಉಳಿಸಲು ಅದು ಕಾರಣವಾಗಲಾರದು.

ಇನ್ನು ಇಂದಿನ ವಿಷಯ. ಮೊಣಕಾಲು ನೋವಿಗೆಂದು ನಾವಿಬ್ಬರೂ ಏಪ್ರಿಲ್ ತಿಂಗಳಲ್ಲಿ ಗಂಗಾವತಿಯ ಅಮೃತಾಳ ಬಳಿ ಹೋದಾಗ, ಆಕೆ ಮಾತ್ರೆ ಕೊಡದೆ ಕುಣಿಯಲು ಹೇಳಿದಳು. ಆಕೆ ಫಿಸಿಯೋಥೆರಪಿ ಓದಿದ್ದು ಪುಣೆಯಲ್ಲಿ. ಓದಿನ ಜೊತೆಗೆ ಅಲ್ಲಿ ಕಲಿತದ್ದು ಸ್ವಿಂಗ್ ಎಂಬ ಜೋಡಿ ಕುಣಿತ. ಅಮೆರಿಕದ ಕಪ್ಪು ಜನರು ನೂರು ವರ್ಷದ ಹಿಂದೆ ಕಟ್ಟಿದ ಕುಣಿತವಿದು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಸಿದ್ದಾಪುರದ ಪಂಪಾಪತಿಯವರ ಅಕ್ಕಿ ಗಿರಣಿಯ ಖಾಲಿ ಗೋದಾಮಿನಲ್ಲಿ ನಾವು ಹತ್ತಾರು ಜನ ಸೇರುತ್ತಿದ್ದೇವೆ. ನೆಲದ ಮೇಲೆ ಸದಾ ತೆಳ್ಳಗೆ ತೌಡಿನ ಹುಡಿ ಇರುವುದರಿಂದ ಪಾದ ಚೆನ್ನಾಗಿ ಜಾರುತ್ತದೆ. ಪುಣೆಯಲ್ಲಿ ಇದಕ್ಕಾಗಿ ಪೌಡರು ಸುರಿಯುತ್ತಾರಂತೆ.

ನಮ್ಮಲ್ಲಿ ಕೈಗೆ ಕೈ ಹಿಡಿಯುವುದಿಲ್ಲ. ಮೊದಲ ದಿನವೇ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಉಡಚಮ್ಮ, ಪರಗಂಡಸರ ಕೈ ತಾನು ಹಿಡಿಯುವುದಿಲ್ಲವೆಂದು ಗೋಡೆಗೆ ಒರಗಿ ನಿಂತುಬಿಟ್ಟಳು. ಆಗ ಬಸ್ ಕಂಡಕ್ಟರ್ ಸುಭಾಷ ಹೆಗಲ ಮೇಲಿನ ಟವೆಲ್ಲು ತೆಗೆದು ಒಂದು ತುದಿಯನ್ನು ಆಕೆಯತ್ತ ಚಾಚಿದ. ಅದೇ ಪದ್ಧತಿಯಾಯಿತು. ಗಂಡ ಹೆಂಡತಿಯರಿಗೂ ಅದೇ, ಇಲ್ಲದಿದ್ದರೆ ನಗುತ್ತಾರೆ.

ಇಂದು ಅಮೃತಾ, ಮೂಲಪಾಠ ಮುಗಿಯಿತು, ಇನ್ನು ಕುಣಿತ ಆರಂಭವೆಂದು ಘೋಷಿಸಿದಳು. ಜನವರಿ ೧೧ರಂದು ಹನುಮನಹಳ್ಳಿಯ ಒಂದು ಹೋಮ್‌ಸ್ಟೇ ಅಂಗಳದಲ್ಲಿ ಬೇರೆ ಬೇರೆ ಊರುಗಳ ಸ್ವಿಂಗ್ ಕುಣಿತದವರು ಕೂಡುತ್ತಾರಂತೆ. ಅಲ್ಲಿ ನಮ್ಮ ನಾಲ್ಕು ಜೋಡಿಗಳು ಮೂರು ನಿಮಿಷ ಕುಣಿಯಬೇಕು. ಮನೆಗೆ ಬರುತ್ತಾ, ನಾವಿಬ್ಬರೂ ಒಂದು ಜೋಡಿ, ನಾಳೆಯಿಂದಲೇ ಅಭ್ಯಾಸ ಎಂದೆ.

ಪಾರ್ವತೆಮ್ಮ ನಡಿಗೆ ನಿಲ್ಲಿಸದೆಯೇ ಹೇಳಿದಳು: "ನಾ ಕುಣೀತೀನ್ರಿ. ಆದ್ರ ನಿಮ್ಮ ಟಾವೆಲ್ ಹಿಡಿಯಂಗಿಲ್ಲ."

೨-೧೧-೨೦೨೫, ಬೆಳಿಗ್ಗೆ ೧೦ ಗಂಟೆ ೨೫ ನಿಮಿಷ.

೫ ನವೆಂಬರ್ ೨೦೨೫, ಬುಧವಾರ

ಮೂರು ದಿನ ಕಾದು, ಇಂದು ಅವಳು ರೊಟ್ಟಿ ಬಡಿಯುತ್ತಿದ್ದಾಗ ಕಾರಣವೇನೆಂದು ಕೇಳಿದೆ. ಅವಳ ಹೆಜ್ಜೆ ಸರಿಯಾಗಲಿ ಎಂದೇ ನಾನು ತಿದ್ದುವುದು. ಎಣಿಕೆಯನ್ನು ಗಟ್ಟಿಯಾಗಿ ಹೇಳುವುದೂ ಅವಳ ಅನುಕೂಲಕ್ಕೇ. ಇದನ್ನು ವಿವರವಾಗಿ, ಉದಾಹರಣೆಗಳ ಸಮೇತ ತಿಳಿಸಿದೆ.

ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ಅದು ಒಣಗಿದ ಮೇಲೆ ಮಗುಚಿದಳು. ಆಮೇಲೆ ಹೇಳಿದಳು: "ಮೂವತ್ತೇಳ ವರ್ಷ ನಿಮ್ಮ ಸಾಲಿಯೊಳಗ ಕುಂತೀನ್ರಿ. ಭಾನುವಾರ ಒಂದ ದಿನ ಸೂಟಿ ಕೊಡ್ರಿ."

ನಿವೃತ್ತ ಮಾಸ್ತರನ ಬಳಿ ರಜೆ ಕೇಳುವುದು ಉತ್ತರವಲ್ಲ. ಅವಳ ತೊಡಕು ಪಾದಗಳಲ್ಲಿದೆ. ಸ್ವಿಂಗ್‌ನ ದೊಡ್ಡ ಸುತ್ತು ಎಂಟು ಎಣಿಕೆಯದು: ಜೋಡಿ ಹತ್ತಿರ ಬಂದು, ತಿರುಗಿ, ಬಿಡಿಸಿಕೊಂಡು, ಟವೆಲ್ಲಿನ ಉದ್ದಕ್ಕೂ ದೂರ ಸರಿದು, ಮತ್ತೆ ಹತ್ತಿರ ಬರಬೇಕು. ಪ್ರತಿ ಹೆಜ್ಜೆಗೂ ಒಂದು ಸ್ಥಾನವಿದೆ. ಅದನ್ನು ಕಣ್ಣಿಗೆ ಕಾಣುವಂತೆ ಬರೆದು ತೋರಿಸಿದರೆ ಯಾರೂ ತಪ್ಪಲಾರರು. ಯೋಜನೆ ಸಿದ್ಧವಾಗಿದೆ. ಎರಡು ಡಬ್ಬಿ ಸೀಮೆಸುಣ್ಣ ತಂದಿದ್ದೇನೆ.

೫-೧೧-೨೦೨೫, ಮಧ್ಯಾಹ್ನ ೧ ಗಂಟೆ ೧೨ ನಿಮಿಷ.

೯ ನವೆಂಬರ್ ೨೦೨೫, ಭಾನುವಾರ

ಆರು ಗಂಟೆಗೇ ಗೋದಾಮಿಗೆ ಹೋಗಿ, ತೌಡು ಗುಡಿಸಿ, ನೆಲದ ಮೇಲೆ ಎಂಟು ಎಣಿಕೆಯ ಎಲ್ಲ ಪಾದಗಳನ್ನೂ ಬಿಡಿಸಿದೆ. ಎಡಪಾದ ಬಿಳಿ, ಬಲಪಾದ ಹಳದಿ, ಒಳಗೆ ಅಂಕಿ. ನೋಡಲು ಬಲು ಅಂದವಾಗಿತ್ತು. ಚೀಲ ಹೊರುವ ಹಮಾಲರು ಬಂದು, ಇದು ಯಾರ ಮನೆಗೆ ಲಕ್ಷ್ಮಿ ಬಂದ ಗುರುತು ಎಂದು ಕೇಳಿದರು.

ಎಲ್ಲರೂ ಬಂದ ಮೇಲೆ ಹೆಂಗಸರನ್ನು ಅದರ ಮೇಲೆ ನಡೆಯಲು ಹೇಳಿದೆ. ಎಲ್ಲರೂ ತಪ್ಪಿದರು. ಪಾರ್ವತೆಮ್ಮ ಮೂರನೆಯ ಪಾದಕ್ಕೇ ನಿಂತುಬಿಟ್ಟಳು. ಉಡಚಮ್ಮ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ಕೇಳಿದಳು: "ಸರ್, ಇವೆಲ್ಲಾ ನಿಮ್ಮ ಪಾದ ಅದಾವ್ರಿ. ನಮ್ಮ ಹೆಣ್ಣಮಕ್ಕಳ ಪಾದ ಎಲ್ಲಿ ಬರದೀರಿ?"

ಗಂಡಸು ಎಡಗಾಲಿನಿಂದ ಆರಂಭಿಸಿದರೆ ಎದುರಿನ ಹೆಂಗಸು ಬಲಗಾಲಿನಿಂದ ಆರಂಭಿಸುತ್ತಾಳೆ. ಇದು ನನಗೆ ತಿಳಿಯದ ಸಂಗತಿಯೇನಲ್ಲ. ಚಿತ್ರದಲ್ಲಿ ಬಿಟ್ಟುಹೋಗಿತ್ತು, ಅಷ್ಟೆ. ಸುಭಾಷ ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಕ್ಕ. ಈ ಸುಭಾಷ ನನ್ನ ವಿದ್ಯಾರ್ಥಿಯಾಗಿದ್ದವನು. ಒಂಬತ್ತನೆಯ ತರಗತಿಯಲ್ಲಿ ನಾನು ಅವನಿಗೆ ಪಾಸಿಗೆ ಎರಡು ಕಡಿಮೆ, ಮೂವತ್ತಮೂರು ಅಂಕ ಕೊಟ್ಟು ಅಲ್ಲಿಗೇ ನಿಲ್ಲಿಸಿದ್ದೆ.

ಆಮೇಲೆ ನನ್ನ ಜೋಡಿ ಉಡಚಮ್ಮ. ನಾಲ್ಕರ ಎಣಿಕೆಯಲ್ಲಿ ಆಕೆ ತಡಮಾಡಿದಳೆಂದು ಟವೆಲ್ಲನ್ನು ಜಗ್ಗಿದೆ. ಆಕೆ ಗುಡಿಸದೆ ಉಳಿದ ತೌಡಿನ ಮೇಲೆ ಜಾರಿ ನೆಲಕ್ಕೆ ಕೂತಳು. ಪೆಟ್ಟೇನೂ ಆಗಲಿಲ್ಲ, ಎತ್ತಿನ ಹಗ್ಗ ಜಗ್ಗಿದಂಗ ಜಗ್ಗಿದರೆ ಹೆಂಗ್ರಿ ಎಂದು ಕೂತಲ್ಲೇ ನಕ್ಕಳು. ಅಮೃತಾ ನಗಲಿಲ್ಲ. ಟವೆಲ್ಲು ಸಡಿಲಾದರೆ ಎದುರಿನವರಿಗೆ ಏನೂ ತಿಳಿಯುವುದಿಲ್ಲ, ಜಗ್ಗಿದರೆ ತಿಳಿಯುವ ಮೊದಲೇ ಬೀಳುತ್ತಾರೆ, ಎರಡರ ನಡುವೆ ಒಂದು ಬಿಗಿ ಇದೆ, ಅದನ್ನು ಹುಡುಕಿ ಎಂದಳು.

"ಸರ್, ಬಾಯಿ ಮುಚ್ಚಿಕೊಂಡ ಹುಡುಕ್ರಿ," ಎಂದೂ ಸೇರಿಸಿದಳು. ಇಪ್ಪತ್ತೆಂಟು ವರ್ಷದ ಹುಡುಗಿ.

೯-೧೧-೨೦೨೫, ಬೆಳಿಗ್ಗೆ ೧೧ ಗಂಟೆ ೫ ನಿಮಿಷ.

೧೦ ನವೆಂಬರ್ ೨೦೨೫, ಸೋಮವಾರ

ಪಡಸಾಲೆಯ ಕಿಟಕಿಯ ಸರಳಿಗೆ ಟವೆಲ್ಲು ಕಟ್ಟಿ ಮೂವತ್ತು ಸಲ ಸುತ್ತು ಹಾಕಿದೆ. ಕಿಟಕಿ ಒಮ್ಮೆಯೂ ತಪ್ಪಲಿಲ್ಲ. ಆದರೂ ಇದರಲ್ಲಿ ಸೊಗಸಿಲ್ಲ.

೧೦-೧೧-೨೦೨೫, ಸಂಜೆ ೫ ಗಂಟೆ ೪೮ ನಿಮಿಷ.

೨೩ ನವೆಂಬರ್, ಭಾನುವಾರ

ಇಂದು ನನ್ನ ಬಾಳಿನಲ್ಲಿ ಹಿಂದೆಂದೂ ಆಗದ ಒಂದು ಸಂಗತಿ ಆಯಿತು. ಅದನ್ನು ಸರಿಯಾದ ಕ್ರಮದಲ್ಲಿ ಬರೆಯಲು ಯತ್ನಿಸುತ್ತೇನೆ.

ಅಮೃತಾ ನನ್ನನ್ನು ಹೆಂಗಸರ ಸಾಲಿನಲ್ಲಿ ನಿಲ್ಲಿಸಿದಳು. ಜೋಡಿಯನ್ನು ನಡೆಸುವವನು ಒಮ್ಮೆ ತಾನೂ ಇನ್ನೊಬ್ಬರು ನಡೆಸಿದಂತೆ ನಡೆದು ನೋಡಬೇಕಂತೆ. ನನ್ನನ್ನು ನಡೆಸಬೇಕಾದವನು ಸುಭಾಷ. ಪಾರ್ವತೆಮ್ಮ ಬಾಗಿಲ ಬಳಿ ನೀರು ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟು ನೋಡಲು ನಿಂತಳು.

ಹಾಡು ಶುರುವಾಯಿತು. ಮೊದಲ ನಾಲ್ಕು ಸುತ್ತು ಕೆಟ್ಟವು. ಅವನು ಎಡಕ್ಕೆ ಹೋಗುವನೆಂದು ನಾನೇ ಊಹಿಸಿ ಮುಂಚೆಯೇ ಎಡಕ್ಕೆ ಹೊರಡುತ್ತಿದ್ದೆ, ಅವನು ಬಲಕ್ಕೆ. ಐದನೆಯದಕ್ಕೆ ಅವನು ನಿಂತು, ಬಸ್ಸಿನಲ್ಲಿ ಹಳ್ಳಿಯ ಮುದುಕರೊಡನೆ ಮಾತನಾಡುವ ಅದೇ ಸೌಜನ್ಯದಿಂದ ಹೇಳಿದ: "ಸರ್, ಟಿಕೆಟ್ ತಗೊಂಡೀರಿ, ಸೀಟ್ ಸಿಕ್ಕೈತಿ. ಇನ್ನ ಸ್ಟೇರಿಂಗ್ ಹಿಡೀಬ್ಯಾಡ್ರಿ."

ನಾನು ಕಣ್ಣು ಮುಚ್ಚಿದೆ. ಟವೆಲ್ಲಿನ ತುದಿಯಲ್ಲಿ ಒಂದು ಸಣ್ಣ ಬಿಗಿ ಬಂತು. ಕಾಲುವೆಗೆ ನೀರು ಬಿಟ್ಟಾಗ ಮೊದಲು ತೂಬಿನ ಬಳಿ ಸದ್ದಾಗುವಂತೆ, ನೀರಿಗಿಂತ ಮೊದಲು ಅದರ ಸುದ್ದಿ. ಕಾಲು ತಾನಾಗಿ ಹೊರಟಿತು. ಎಲ್ಲಿಗೆಂದು ಯಾರೂ ಹೇಳಲಿಲ್ಲ, ನನಗೆ ತಿಳಿಯಿತು. ತಿರುಗಿದೆ, ದೂರ ಸರಿದೆ, ಟವೆಲ್ಲು ಪೂರ್ತಿ ಚಾಚಿಕೊಂಡು ಒಂದು ಕ್ಷಣ ಇಬ್ಬರನ್ನೂ ತಡೆದು ನಿಲ್ಲಿಸಿತು, ಮರಳಿ ಕಳಿಸಿತು. ಮೂವತ್ತಮೂರು ಅಂಕದ ಹುಡುಗ ಒಂದು ಮಾತೂ ಆಡದೆ ನನಗೆ ಇದನ್ನು ಕಲಿಸಿದ! ಹಾಡು ಮುಗಿದಾಗ ಇನ್ನೊಮ್ಮೆ ಎಂದು ಕೇಳಿದವನು ನಾನು. ಒಟ್ಟು ಎಷ್ಟು ಸಲವೋ.

ಸುಭಾಷನಿಗೆ ಚಹಾ ಕುಡಿಸಿದೆ. ಅಂದಿನ ಉತ್ತರಪತ್ರಿಕೆಯ ವಿಷಯ ಎತ್ತಬೇಕೆಂದಿದ್ದೆ. ಅವನು ಎರಡನೆಯ ಸಲ ಕೂತು ಪಾಸಾದದ್ದನ್ನು ತಾನೇ ನಗುತ್ತಾ ಹೇಳಿದ.

ಬೆಳಿಗ್ಗೆ, ಸುಮಾರು ೧೦ ಗಂಟೆ.

ಡಿಸೆಂಬರ್ ೭, ಭಾನುವಾರ

ಸುಗ್ಗಿ ಬಂದಿದೆ. ಗೋದಾಮಿನ ಮೂರು ಗೋಡೆಗಳಿಗೂ ಭತ್ತದ ಚೀಲಗಳು ಛಾವಣಿಯವರೆಗೆ ಏರಿವೆ. ನಮಗೆ ಉಳಿದಿರುವುದು ನಡುವಿನ ಜಾಗ, ಅದೂ ವಾರವಾರಕ್ಕೆ ಕುಗ್ಗುತ್ತಿದೆ. ಹೆಜ್ಜೆ ಕಿರಿದಾಗಿ ಇಡಬೇಕು. ಕಿರಿದಾಗಿ ಇಟ್ಟಷ್ಟೂ ಹಗುರವಾಗುತ್ತದೆ ಎಂಬುದು ಇಂದಿನ ಹೊಸ ಪಾಠ. ಹೊಸ ಭತ್ತದ ವಾಸನೆಯಲ್ಲಿ ನಾವು ಕುಣಿಯುವ ಆ ತುತ್ತೂರಿಯ ಹಾಡು ಕೇಳುವುದು ಎಂಥ ಸುಖ!

ಜಾಗ ಸಾಲದೆ ಸರದಿಯಂತೆ ಕುಣಿದೆವು. ಪಾರ್ವತೆಮ್ಮನ ಸರದಿ ಸುಭಾಷನೊಡನೆ ಬಂತು. ನಾನು ಚೀಲದ ಮೇಲೆ ಕೂತು ನೋಡಿದೆ. ಐದು-ಆರರ ಎಣಿಕೆಗೆ, ದೂರ ಸರಿಯುವ ಹೊತ್ತಿಗೆ, ಅವಳು ಪಾಠದಲ್ಲಿಲ್ಲದ ಏನನ್ನೋ ಮಾಡಿದಳು. ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ತಟ್ಟಿ, ಸೊಂಟ ತಿರುಗಿಸಿ, ಆಮೇಲೆ ಹೋದಳು. ತಪ್ಪೆಂದು ಕೂಗಲು ಬಾಯಿ ತೆರೆದೆ. ಆಗ ಹೊಳೆಯಿತು, ಹಾಡಿನಲ್ಲಿ ತುತ್ತೂರಿಯೂ ಅದೇ ಜಾಗದಲ್ಲಿ ಎರಡು ಸಲ ಕುಟುಕಿತ್ತು. ಅವಳು ಅದನ್ನು ಮೊದಲೇ ಕೇಳಿಸಿಕೊಂಡಿದ್ದಳು. ನಾನು ಏಳೆಂಟು ತಿಂಗಳಿಂದ ಅದೇ ಹಾಡಿಗೆ ಕುಣಿದಿದ್ದೇನೆ. ಎಣಿಕೆಯ ಸದ್ದಿನಲ್ಲಿ ನನಗೆ ಕೇಳಿಸಿರಲಿಲ್ಲ.

ಮನೆಗೆ ಬಂದು, ಅದನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ಫುಗಡಿಯಲ್ಲಿ ಎಂದಳು. ನಾಗರಪಂಚಮಿಗೆ ಅವಳ ತವರು ಇರಕಲ್ಲಗಡದಲ್ಲಿ ಹುಡುಗಿಯರು ಇಬ್ಬಿಬ್ಬರು ಕೈ ಅಡ್ಡಹಾಕಿ ಹಿಡಿದು ಗಿರ್ರನೆ ತಿರುಗುವ ಆಟ. ಮೂವತ್ತೇಳು ವರ್ಷದಲ್ಲಿ ಅವಳು ಇದನ್ನು ಹೇಳಿರಲಿಲ್ಲ, ಅಥವಾ ಹೇಳಿದ್ದಳೋ. ತೋರಿಸು ಎಂದೆ.

ಹಿತ್ತಲಿನಲ್ಲಿ, ಒಣಹಾಕಿದ ಮೆಣಸಿನಕಾಯಿಯ ಪಕ್ಕ, ಇಬ್ಬರೂ ಪಾದ ಜೋಡಿಸಿ ನಿಂತು ಟವೆಲ್ಲು ಹಿಡಿದೆವು. ಅವಳು ಹಿಂದಕ್ಕೆ ಜೋತುಬಿದ್ದಳು. ನಾನು ನೆಟ್ಟಗೆ ನಿಂತೇ ಇದ್ದೆ. ನೀವು ನೆಟ್ಟಗೆ ನಿಂತರೆ ನಾನು ಬೀಳುತ್ತೇನೆ, ನೀವೂ ಅಷ್ಟೇ ಹಿಂದಕ್ಕೆ ಬಿದ್ದರೆ ಇಬ್ಬರೂ ನಿಲ್ಲುತ್ತೇವೆ ಎಂದು ಅವಳು ತಿಳಿಸಿದಳು. ತರ್ಕ ನನಗೆ ಅರ್ಥವಾಯಿತು, ಬೆನ್ನಿಗೆ ಆಗಲಿಲ್ಲ.

"ಬೀಳ್ರಿ," ಎಂದಳು. "ನಾ ಅದೀನಲ್ಲ."

ಬಿದ್ದೆ. ಬೀಳಲಿಲ್ಲ. ಮೆಲ್ಲಗೆ ತಿರುಗತೊಡಗಿದೆವು, ಬೇಲಿ, ಮೆಣಸಿನಕಾಯಿ, ನೀರಿನ ತೊಟ್ಟಿ, ಬೇಲಿ, ಮೆಣಸಿನಕಾಯಿ. ಅವಳ ಮುಖ ಒಂದು ಮಾತ್ರ ತಿರುಗದೆ ಎದುರಿಗೇ ಇತ್ತು. ಪಕ್ಕದ ಮನೆಯ ಮುದಕಮ್ಮ ಬೇಲಿಯ ಮೇಲಿಂದ, ಮಾಸ್ತರಿಗೆ ಏನಾಗಿದೆ ಎಂದು ವಿಚಾರಿಸಿದಳು. ಪಾರ್ವತಿ ಉಸಿರು ಬಿಡುತ್ತಾ ಹೇಳಿದಳು: "ಸೂಟಿ ಆಗೈತೆವ್ವಾ ಅವರಿಗೆ."

ಮಧ್ಯಾಹ್ನ.

ಡಿಸೆಂಬರ್ ೧೪

ಇಂದು ಉಡಚಮ್ಮ ನನ್ನೊಡನೆ ಕುಣಿದು, ಐದು-ಆರಕ್ಕೆ ಮೊರದಲ್ಲಿ ಅಕ್ಕಿ ಕೇರುವಂತೆ ಕೈ ಆಡಿಸಿದಳು. ನನಗೆ ಎಷ್ಟು ನಗು ಬಂತೆಂದರೆ ಎಂಟಕ್ಕೆ ಬರಬೇಕಾದವನು ಎಲ್ಲಿಗೋ ಬಂದೆ. ಹಾಡಿಗೆ ತೊಂದರೆಯಾಗಲಿಲ್ಲ.

ಜೋಡಿ ಯಾರೆಂದು ಪಾರ್ವತಿ ಇನ್ನೂ ಹೇಳಿಲ್ಲ. ನಾನೂ ಕೇಳಿಲ್ಲ. ನಾಲ್ಕು ಜೋಡಿಗಳ ಪಟ್ಟಿ ೨೮ಕ್ಕೆ.

ಡಿಸೆಂಬರ್ ೨೮, ಭಾನುವಾರ

ಪಟ್ಟಿಯ ದಿನ. ಸೇವೆಗೆ ಸೇರುವಾಗಿನ ಸಂದರ್ಶನಕ್ಕೂ ನಾನು ಹೀಗೆ ಬೆವತಿರಲಿಲ್ಲ.

ಅಮೃತಾ ಹೆಸರು ಬರೆಯಲಿಲ್ಲ. ಹೆಂಗಸರೇ ಟವೆಲ್ಲಿನ ತುದಿಯನ್ನು ತಮಗೆ ಬೇಕಾದವರತ್ತ ಚಾಚಬೇಕೆಂದಳು. ಉಡಚಮ್ಮ ಕೂಡಲೇ ಸುಭಾಷನತ್ತ ಎಸೆದಳು. ಮತ್ತೆರಡು ಜೋಡಿಗಳೂ ಆದವು. ಮೂವರು ಗಂಡಸರು ಉಳಿದೆವು, ಪಾರ್ವತಿ ಒಬ್ಬಳು. ಅವಳು ಟವೆಲ್ಲನ್ನು ನಿಧಾನವಾಗಿ ಉದ್ದಕ್ಕೆ ಮಡಚಿದಳು, ಅಂಚು ಸರಿಮಾಡಿದಳು, ಮತ್ತೆ ಬಿಚ್ಚಿ ಮಡಚಿದಳು. ಬೇಕೆಂದೇ ಮಾಡುತ್ತಿದ್ದಾಳೆಂದು ಎಲ್ಲರಿಗೂ ತಿಳಿಯುತ್ತಿತ್ತು. ನಾನು ಚೀಲಗಳ ಕಡೆ ನೋಡುತ್ತಾ ನಿಂತೆ.

ತುದಿ ನನ್ನ ಎದೆಗೆ ಬಂದು ತಾಕಿತು.

"ಒಂದ ಕರಾರು," ಎಂದಳು ಎಲ್ಲರೆದುರಿಗೆ. "ಹಾಡು ಚಾಲೂ ಆಗಿ ಮುಗಿಯೂತನಕ ಒಂದ ಅಕ್ಷರ ಬಾಯಿಂದ ಬರಬಾರದ್ರಿ. ಬಂತೋ, ಎಲ್ಲಿದ್ದೇವೋ ಅಲ್ಲೇ ಟಾವೆಲ್ ಬಿಟ್ಟ ಮನಿಗೆ ಬರ್ತೀನಿ. ಸಾವಿರ ಮಂದಿ ಇರವಲ್ರ್ಯಾಕ."

ಒಪ್ಪಿದೆ ಎಂದು ಹೇಳಲು ಹೊರಟು, ಹೇಳದೆ ತಲೆಯಾಡಿಸಿದೆ. ಗೋದಾಮಿನ ಹಮಾಲರು ಕೂಡ ಚಪ್ಪಾಳೆ ತಟ್ಟಿದರು.

ಜನವರಿ ೪

ದಿನಕ್ಕೆರಡು ಸಲ ಹಿತ್ತಲಿನಲ್ಲಿ ಅಭ್ಯಾಸ. ಮೆಣಸಿನಕಾಯಿ ಮಾಳಿಗೆಗೆ ಹೋಗಿದೆ.

ಅಕ್ಟೋಬರ್ ೨೬ರ ಬರಹದ ತಿದ್ದುಪಡಿಯಲ್ಲಿ ‘ಏಳು’ ಎಂಬುದನ್ನು ಇಂದು ಹೊಡೆದುಹಾಕಿದೆ. ಬದಲಿಗೆ ಬೇರೆ ಅಂಕಿ ಬರೆದಿಲ್ಲ.

ಜನವರಿ ೧೧, ಭಾನುವಾರ

ಈಗಷ್ಟೇ ಮನೆಗೆ ಬಂದೆವು. ಪಾರ್ವತಿ ಕಾಲು ಬಿಸಿನೀರಿನಲ್ಲಿ ಇಳಿಬಿಟ್ಟು ಕೂತಿದ್ದಾಳೆ. ನನಗೆ ಕೂರಲು ಆಗುತ್ತಿಲ್ಲ. ಕಟ್ಟೆಯ ಮೇಲೆ ಪುಸ್ತಕವಿಟ್ಟು ನಿಂತೇ ಬರೆಯುತ್ತಿದ್ದೇನೆ.

ಹನುಮನಹಳ್ಳಿಯ ಆ ಅಂಗಳದಲ್ಲಿ ಎಲ್ಲೆಲ್ಲಿಯದೋ ಜನ. ಬಣ್ಣಬಣ್ಣದ ಬೂಟಿನ ಹುಡುಗ ಹುಡುಗಿಯರು ಗಾಳಿಯಲ್ಲಿ ಹಾರಿ ಕುಣಿದರು. ಪಕ್ಕದ ಬೆಟ್ಟದ ಗುಡಿಗೆ ಹತ್ತಿ ಇಳಿದ ಯಾತ್ರಿಕರು ಹಣೆಯ ಕುಂಕುಮದೊಡನೆ ಬೇಲಿಯುದ್ದಕ್ಕೂ ನಿಂತಿದ್ದರು. ಸಂಜೆ ನಾಲ್ಕರ ಬಿಸಿಲು. ನಮ್ಮ ನಾಲ್ಕು ಜೋಡಿಗಳು ಟವೆಲ್ಲು ಹಿಡಿದು ನಡುವೆ ಬಂದಾಗ ಕೆಲವರು ನಕ್ಕರು. ಅಮೃತಾ ಒಂದು ಹಿಡಿ ತೌಡನ್ನು ಬಂಡೆಯ ಹಾಸಿನ ಮೇಲೆ ಚೆಲ್ಲಿದಾಗ ಇನ್ನಷ್ಟು ನಕ್ಕರು. ಹಾಡು ಶುರುವಾಯಿತು, ನಗು ನಿಂತಿತು.

ನಾನು ತುಟಿ ಬಿಗಿಹಿಡಿದಿದ್ದೆ. ಮೊದಲ ಸುತ್ತಿನ ಮಟ್ಟಿಗೆ ಹಾಗೆ ಹಿಡಿದದ್ದು ನೆನಪಿದೆ. ಆಮೇಲೆ ಹಿಡಿಯಬೇಕಾಗಲಿಲ್ಲ. ಅವಳು ಹಿಮ್ಮಡಿ ತಟ್ಟುವ ಮೊದಲೇ ಟವೆಲ್ಲಿನಲ್ಲಿ ಅದರ ಸುದ್ದಿ ಬರುತ್ತಿತ್ತು, ನಾನು ಅವಳಿಗೆ ಜಾಗ ಬಿಟ್ಟು ಕಾಯುತ್ತಿದ್ದೆ; ಕಾಯುವುದೂ ಕುಣಿತವೇ ಆಗಿತ್ತು. ಅಂಗಳವೆಲ್ಲ ತಿರುಗುತ್ತಿತ್ತು, ಬೆಟ್ಟ ಒಮ್ಮೆ ಅವಳ ಬೆನ್ನ ಹಿಂದೆ, ಒಮ್ಮೆ ನನ್ನ ಬೆನ್ನ ಹಿಂದೆ.

ಅರ್ಧ ಹಾಡಿಗೆ ಕರೆಂಟು ಹೋಯಿತು.

ತುತ್ತೂರಿ ಕತ್ತರಿಸಿದಂತೆ ನಿಂತಿತು. ಸುಭಾಷ ಒಂದು ಕಾಲು ಎತ್ತಿದವನು ಹಾಗೆಯೇ ನಿಂತ. ಉಳಿದ ಜೋಡಿಗಳು ಒಬ್ಬರನ್ನೊಬ್ಬರು ನೋಡಿದರು. ಬೇಲಿಯ ಕಡೆ ಯಾರೋ ಸಿಳ್ಳೆ ಹಾಕಿದರು. ಒಂದು ಕೂಗು ಹಾಕಿದ್ದರೆ ಎಲ್ಲರೂ ಹಾದಿಗೆ ಬರುತ್ತಿದ್ದರು. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಐನೂರು ಮಕ್ಕಳನ್ನು ಎಣಿಕೆಯಿಂದಲೇ ನಡೆಸಿದ ಗಂಟಲಿದು. ಆದರೆ ಕರಾರು. ಹಾಡು ಮುಗಿದಿರಲಿಲ್ಲ, ನಿಂತಿತ್ತು ಅಷ್ಟೆ. ನಾನು ಸುಮ್ಮನಿದ್ದೆ.

ಪಾರ್ವತಿ ನನ್ನ ಮುಖ ನೋಡಿದಳು. "ಎಣಸ್ರಿ ಮಾಸ್ತರ," ಎಂದಳು.

ಬಾಯಿ ತೆರೆದೆ. ಅಂಕಿ ಬರಲಿಲ್ಲ. ಎರಡರಲ್ಲಿದ್ದೆವೋ ಏಳರಲ್ಲಿದ್ದೆವೋ, ನನಗೆ ಗೊತ್ತಿರಲಿಲ್ಲ. ಎಷ್ಟೋ ಹೊತ್ತಿನಿಂದ ನಾನು ಎಣಿಸಿಯೇ ಇರಲಿಲ್ಲ.

ಅವಳಿಗೆ ಅದು ಹೇಗೆ ತಿಳಿಯಿತೋ, ಮುಖವೆಲ್ಲ ನಗುವಾಯಿತು. ಹಿಮ್ಮಡಿಯಿಂದ ಎರಡು ಸಲ ನೆಲಕ್ಕೆ ತಟ್ಟಿ, ಇಡೀ ಅಂಗಳಕ್ಕೆ ಕೇಳುವಂತೆ ಎತ್ತಿದಳು: "ಐದು! ಆರು! ಏಳು ಮತ್ತ ಎಂಟು!" ಉಡಚಮ್ಮ ಚಪ್ಪಾಳೆ ಹಿಡಿದಳು. ಸುಭಾಷನ ಎತ್ತಿದ ಕಾಲು ಸರಿಯಾದ ಜಾಗಕ್ಕೆ ಇಳಿಯಿತು. ಬೇಲಿಯ ಕಡೆಯವರೂ ಚಪ್ಪಾಳೆ ಸೇರಿಸಿದರು, ಬಣ್ಣದ ಬೂಟಿನವರು ಬೆರಳು ಚಿಟಿಕೆ ಹೊಡೆದರು. ಪಾರ್ವತಿಗೆ ಎಣಿಕೆ ಬರುತ್ತಿತ್ತು. ಇಷ್ಟು ದಿನವೂ ಬರುತ್ತಿತ್ತು. ಅವಳ ದನಿಗೆ ನಾವು ಎಂಟು ಜನ ಕುಣಿದೆವು. ಕೊನೆಯಲ್ಲಿ ಅವಳು ಪಾಠದಲ್ಲಿಲ್ಲದ ಫುಗಡಿ ಎತ್ತಿದಳು, ನಾನು ಕೇಳದೆಯೇ ಹಿಂದಕ್ಕೆ ಬಿದ್ದೆ.

ಬರುವಾಗ ಆಟೋದಲ್ಲಿ ಪಾರ್ವತಿ ಟವೆಲ್ಲು ಕೇಳಿದಳು, ಬೆವರು ಒರೆಸಲು. ಅದು ಅವಳ ಬಳಿ ಇದೆಯೆಂದು ನಾನು ತಿಳಿದಿದ್ದೆ, ನನ್ನ ಬಳಿ ಇದೆಯೆಂದು ಅವಳು. ಇಬ್ಬರ ಬಳಿಯೂ ಇರಲಿಲ್ಲ. ಅಮೃತಾ ಕಳಿಸಿದ ವಿಡಿಯೊ ನೋಡಿದಾಗ ಸಿಕ್ಕಿತು: ಕರೆಂಟು ಹೋದಾಗಲೇ ಅದು ಕೆಳಗೆ ಬಿದ್ದಿದೆ, ಅದರ ಮೇಲೆಯೇ ಕಾಲಿಟ್ಟು ಎಲ್ಲರೂ ಕುಣಿದಿದ್ದೇವೆ, ನಾವಿಬ್ಬರು ಕೈಗೆ ಕೈ ಹಿಡಿದು.

ನಾಳೆ ಸುಭಾಷನ ಬಸ್ಸಿಗೆ ಹೋಗಿ ತರುತ್ತೇನೆಂದೆ. ಅವಳು ನೀರಿನಿಂದ ಕಾಲು ತೆಗೆಯದೆ, ಇರಲಿ ಬಿಡ್ರಿ, ಯಾರಾದರೂ ಒರೆಸಿಕೊಳ್ಳಲಿ ಎಂದಳು.